ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೆವಿ ಮೆಟಲ್, ಅಂದರೆ ಜೋರು ಗಿಟಾರಿನ ಭಾರವಾದ ರಾಕ್ ಸಂಗೀತ, ಕೇಳುತ್ತೇನೆ ಅಂತ ಗೊತ್ತಾದ ಕೂಡಲೇ ಸ್ನೇಹಿತರು, ನೆಂಟರು, ಸಂಗೀತ ಕಲಿಯುವ ಹುಡುಗ ಹುಡುಗಿಯರು ಕೆಲವು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಾತು ಸುತ್ತಿ ಸುತ್ತಿ ಕೊನೆಗೆ ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ 1970ರ ಮೊದಲ ಆಲ್ಬಂ ಹತ್ತಿರ ಬಂದು ನಿಲ್ಲುತ್ತದೆ. ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೇ ಇಟ್ಟು, ಉತ್ತರಗಳನ್ನು ಒಂದು ಕಡೆ ಸೇರಿಸಿದ್ದೇನೆ. ಮೊದಲಿನವು ಹೊಸಬರಿಗೆ. ಕೊನೆಯವು ವಾದ್ಯ ನುಡಿಸುವವರಿಗೆ, ಆಲ್ಬಂ ಆಗಲೇ ಗೊತ್ತಿರುವವರಿಗೆ.

## ಹೊಸದಾಗಿ ಕೇಳುವವರಿಗೆ

ಬ್ಯಾಂಡ್ ಹೆಸರೂ ಬ್ಲ್ಯಾಕ್ ಸಬ್ಬತ್, ಆಲ್ಬಂ ಹೆಸರೂ ಅದೇ, ಹಾಡಿನ ಹೆಸರೂ ಅದೇನಾ?

ಹೌದು, ಮೂರೂ ಒಂದೇ. ಮೊದಲು ಹುಟ್ಟಿದ್ದು ಹಾಡು. ಆಗ ಬ್ಯಾಂಡ್ ಹೆಸರು ಅರ್ತ್. ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಇಂಗ್ಲೆಂಡಿನಲ್ಲಿ ಇತ್ತು, ಹಾಗಾಗಿ ಗೊಂದಲ ಆಗುತ್ತಿತ್ತು. 1969ರಲ್ಲಿ ತಮ್ಮದೇ ಹಾಡಿನ ಹೆಸರನ್ನು ಬ್ಯಾಂಡಿಗೂ ಇಟ್ಟುಕೊಂಡರು. ಹಾಡಿಗೆ ಆ ಹೆಸರು ಬಂದಿದ್ದು ಬೋರಿಸ್ ಕಾರ್ಲಾಫ್ ನಟಿಸಿದ 1963ರ ಒಂದು ಹೆದರಿಸುವ ಸಿನಿಮಾದಿಂದ. ದುಡ್ಡು ಕೊಟ್ಟು ಹೆದರಿಕೊಳ್ಳೋಕೆ ಜನ ಥಿಯೇಟರಿಗೆ ಹೋಗುತ್ತಾರೆ ಅಂದಮೇಲೆ, ಹೆದರಿಸುವ ಸಂಗೀತ ಯಾಕೆ ಇರಬಾರದು ಅನ್ನುವುದು ಅವರ ಯೋಚನೆ. ಈ ಆಲ್ಬಂ ಪೂರ್ತಿ ಆ ಒಂದು ಯೋಚನೆಯ ಮೇಲೆ ನಿಂತಿದೆ.

ಇವರು ಯಾರು? ಎಲ್ಲಿಯವರು?

ನಾಲ್ಕು ಜನ. ಗಿಟಾರ್ ಟೋನಿ ಐಯೋಮಿ, ಬೇಸ್ ಗೀಜರ್ ಬಟ್ಲರ್, ಡ್ರಮ್ಸ್ ಬಿಲ್ ವಾರ್ಡ್, ಹಾಡುಗಾರಿಕೆ ಆಜಿ ಆಸ್ಬೋರ್ನ್. ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಕಡೆಯವರು. ಕಾರ್ಖಾನೆಗಳ ಊರು ಅದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದ ಜಾಗಗಳು ಇವರ ಬಾಲ್ಯದಲ್ಲೂ ಹಾಗೇ ಪಾಳು ಬಿದ್ದಿದ್ದವು. ಆಜಿ ಕಸಾಯಿಖಾನೆಯಲ್ಲಿ ಕೆಲಸ ಮಾಡಿದವರು. ಕಳ್ಳತನಕ್ಕೆ ಸಿಕ್ಕಿಬಿದ್ದು ಕೆಲವು ವಾರ ಜೈಲಿನಲ್ಲೂ ಇದ್ದರು. ಐಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿದವರು. ಈ ಆಲ್ಬಂ ರೆಕಾರ್ಡ್ ಆದಾಗ ಇವರಿಗೆ 20, 21 ವರ್ಷ ಅಷ್ಟೇ.

ಹೆವಿ ಮೆಟಲ್ ಅಂದ್ರೆ ಬರೀ ಕಿರುಚಾಟ ಅಲ್ವಾ? ನಂಗೆ ತಲೆನೋವು ಬರುತ್ತೆ.

ಈ ಆಲ್ಬಂನಲ್ಲಿ ಕಿರುಚಾಟ ಇಲ್ಲ. ಆಜಿ ಇಲ್ಲಿ ಹಾಡುವುದು ಊರಲ್ಲಿ ಯಾರೋ ದೂರದಿಂದ ಕೂಗಿ ಕರೆದ ಹಾಗೆ, ತೆರೆದ ದನಿಯಲ್ಲಿ. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ವೇಗವೂ ಜಾಸ್ತಿ ಇಲ್ಲ. ಮೊದಲ ಹಾಡಂತೂ ಎಷ್ಟು ನಿಧಾನ ಅಂದರೆ, ಒಂದು ಸ್ವರ ಪೂರ್ತಿ ಸತ್ತ ಮೇಲೆಯೇ ಇನ್ನೊಂದು ಹುಟ್ಟುತ್ತದೆ. ಬ್ಲೂಸ್, ಜಾಝ್ ಎರಡೂ ಇದರೊಳಗೆ ಇವೆ. ತಲೆನೋವಿನ ಭಯ ಬಿಟ್ಟು, ರಾತ್ರಿ ಮನೆಯೆಲ್ಲ ಸುಮ್ಮನಾದ ಮೇಲೆ, ಸಣ್ಣ ದನಿಯಲ್ಲಿ ಕೇಳಿ ನೋಡಿ.

ಪೂರ್ತಿ ಕೇಳ್ಬೇಕಾ, ಒಂದೆರಡು ಹಾಡು ಸಾಕಾ?

ರೆಕಾರ್ಡಿನ ಒಂದು ಬದಿ ಒಂದೇ ಉಸಿರಿಗೆ ಕೇಳಿ. ಆಲ್ಬಂ ಒಟ್ಟು ಇರುವುದೇ 40 ನಿಮಿಷದೊಳಗೆ. ಮೊದಲ ಬದಿಯಲ್ಲಿ ‘ಬ್ಲ್ಯಾಕ್ ಸಬ್ಬತ್’, ‘ದಿ ವಿಝರ್ಡ್’, ‘ಬಿಹೈಂಡ್ ದಿ ವಾಲ್ ಆಫ್ ಸ್ಲೀಪ್’, ‘ಎನ್.ಐ.ಬಿ.’ ಇವೆ. ನನ್ನ ಮಟ್ಟಿಗೆ ಈ ನಾಲ್ಕು ಬೇರೆ ಬೇರೆ ಹಾಡುಗಳೇ ಅಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಎರಡನೇ ಬದಿ ಸಡಿಲ. ಅಲ್ಲಿ ‘ಸ್ಲೀಪಿಂಗ್ ವಿಲೇಜ್’ ಮುಗಿದು ‘ವಾರ್ನಿಂಗ್’ಗೆ ದಾಟುವ ಜಾಗ ಚೆನ್ನಾಗಿದೆ. ಆದರೆ ‘ವಾರ್ನಿಂಗ್’ನ ಗಿಟಾರ್ ಓಡಾಟ ಹೊಸಬರಿಗೆ ಉದ್ದ ಅನ್ನಿಸಬಹುದು. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

## ರೆಕಾರ್ಡಿಂಗ್, ಬಿಡುಗಡೆ

ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ರು ಅಂತಾರಲ್ಲ, ನಿಜಾನಾ?

ನಿಜ. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ. ನಿರ್ಮಾಪಕ ರಾಜರ್ ಬೇನ್, ಎಂಜಿನಿಯರ್ ಟಾಮ್ ಅಲೊಮ್. ಖರ್ಚು ಸುಮಾರು 600 ಪೌಂಡ್ ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ.

ಅವತ್ತು ಮಾಡಿದ ಕೆಲಸ ಬಹಳ ಸರಳ. ಕ್ಲಬ್ಬುಗಳಲ್ಲಿ ದಿನಾ ನುಡಿಸುತ್ತಿದ್ದುದನ್ನೇ ಸ್ಟುಡಿಯೋದಲ್ಲಿ ನಿಂತು ನುಡಿಸಿದರು. ಮೂರು ಜನ ಒಟ್ಟಿಗೆ ನುಡಿಸುತ್ತಿದ್ದರೆ ಆಜಿ ಪಕ್ಕದ ಪುಟ್ಟ ಗೂಡಿನಲ್ಲಿ ನಿಂತು ಅದೇ ಹೊತ್ತಿಗೆ ಹಾಡುತ್ತಿದ್ದರು. ಆಮೇಲೆ ಸೇರಿಸಿದ್ದು ಸ್ವಲ್ಪವೇ: ಒಂದೆರಡು ಕಡೆ ಎರಡನೇ ಗಿಟಾರ್, ಶುರುವಿನ ಮಳೆ, ಗುಡುಗು, ಗಂಟೆ. ಒಂದು ಇಡೀ ದಿನ ಸಿಕ್ಕಿದ್ದೇ ತಮಗೆ ಜಾಸ್ತಿ ಅನ್ನಿಸಿತ್ತು ಅಂತ ಐಯೋಮಿ ಆಮೇಲೆ ಹೇಳಿದ್ದಾರೆ. ಮಾರನೇ ದಿನ 20 ಪೌಂಡ್ ಸಂಭಾವನೆಯ ಕಾರ್ಯಕ್ರಮಕ್ಕೆ ಸ್ವಿಟ್ಜರ್ಲೆಂಡ್ ಕಡೆ ಹೊರಟರಂತೆ.

ನನಗೆ ಈ ಆಲ್ಬಂ ಇಷ್ಟವಾಗುವುದಕ್ಕೆ ಮುಖ್ಯ ಕಾರಣ ಇದೇ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ನಾಲ್ಕು ಜನ ಒಬ್ಬರನ್ನೊಬ್ಬರು ಕಾಯುವುದು ಗೊತ್ತಾಗುತ್ತದೆ. ಒಬ್ಬರು ಚೂರು ಮುಂದೆ ಹೋದರೆ ಉಳಿದವರು ಜೊತೆಗೆ ಹೋಗುತ್ತಾರೆ. ತಾಳ ಅಲ್ಲಲ್ಲಿ ಉಬ್ಬುತ್ತದೆ, ಇಳಿಯುತ್ತದೆ. ಎಷ್ಟೋ ತಿಂಗಳು ಕೂತು ತಿದ್ದಿದ ಆಲ್ಬಂಗಳಲ್ಲಿ ಈ ಉಸಿರಾಟ ಸಿಗುವುದಿಲ್ಲ.

ಶುಕ್ರವಾರ, 13ನೇ ತಾರೀಖು ಬಿಡುಗಡೆ ಮಾಡಿದ್ದು ಬೇಕಂತಲೇನಾ?

ಬ್ರಿಟನ್ನಿನಲ್ಲಿ ಆಲ್ಬಂ ಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ನಮ್ಮಲ್ಲಿ ಅಮಾವಾಸ್ಯೆಯ ದಿನ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲವಲ್ಲ, ಅಲ್ಲಿ 13ನೇ ತಾರೀಖಿನ ಶುಕ್ರವಾರಕ್ಕೆ ಅಂಥದೇ ಹೆಸರು. ದಿನ ಗೊತ್ತು ಮಾಡಿದ್ದು ಕಂಪನಿ. ತಂದದ್ದು ವರ್ಟಿಗೋ, ಫಿಲಿಪ್ಸ್ ಕಂಪನಿ ಹೊಸ ಬಗೆಯ ರಾಕ್‌ಗೆ ಅಂತ ಶುರು ಮಾಡಿದ್ದ ಲೇಬಲ್. ಅಮೆರಿಕದಲ್ಲಿ ವಾರ್ನರ್ ಬ್ರದರ್ಸ್ ಇದನ್ನು ಅದೇ ವರ್ಷ ಜೂನ್‌ನಲ್ಲಿ ತಂದಿತು.

ವಿಮರ್ಶಕರು ಚೆನ್ನಾಗಿ ಬೈದಿದ್ರಂತೆ. ಹಾಗಾದ್ರೆ ಓಡಿದ್ದು ಹೇಗೆ?

ಬೈದದ್ದು ಹೌದು. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಇದನ್ನು ಕ್ರೀಮ್ ಬ್ಯಾಂಡಿಗೆ ಹೋಲಿಸಿ, ಅದಕ್ಕಿಂತ ಕಳಪೆ ಅಂತ ಬರೆದರು. ಮೊದಲೇ ಬಿಟ್ಟಿದ್ದ ‘ಈವಿಲ್ ವುಮನ್’ ಅನ್ನುವ ಸಿಂಗಲ್ (ಬಿಡಿ ಹಾಡಿನ ಪುಟ್ಟ ರೆಕಾರ್ಡ್) ಕೂಡ ಸದ್ದು ಮಾಡಲಿಲ್ಲ. ಆದರೂ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ 23ನೇ ಸ್ಥಾನ ಮುಟ್ಟಿ, ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಪಟ್ಟಿಯಲ್ಲೇ ಉಳಿಯಿತು.

ಓಡಿಸಿದ್ದು ಕ್ಲಬ್ಬುಗಳಿಗೆ ಬರುತ್ತಿದ್ದ ಜನ. ಈ ಹುಡುಗರು ಊರೂರು ತಿರುಗಿ, ಯುರೋಪಿನಲ್ಲಿ ದಿನಕ್ಕೆ ಎಷ್ಟೋ ಸರದಿ ನುಡಿಸಿ, ಕೇಳುಗರನ್ನು ಮೊದಲೇ ಸಂಪಾದಿಸಿದ್ದರು. ಕಾರ್ಖಾನೆ ಕೆಲಸ ಮುಗಿಸಿ ಬಂದವರಿಗೆ ಹೂವು, ಪ್ರೀತಿ, ಶಾಂತಿಯ ಹಾಡುಗಳಿಗಿಂತ ಇದು ಹತ್ತಿರ ಅನ್ನಿಸಿತು. ಪತ್ರಿಕೆ ಓದಿ ರೆಕಾರ್ಡ್ ಕೊಂಡವರಲ್ಲ ಅವರು.

ನನ್ನ ಹತ್ರ ಇರೋ ಪ್ರತಿಯಲ್ಲಿ ‘ಈವಿಲ್ ವುಮನ್’ ಇಲ್ಲ. ಇದು ನಕಲಿನಾ?

ನಕಲಿ ಅಲ್ಲ, ಅಮೆರಿಕದ ಆವೃತ್ತಿ ಇರಬೇಕು. ‘ಈವಿಲ್ ವುಮನ್’ ಇವರ ಸ್ವಂತ ಹಾಡಲ್ಲ, ಕ್ರೋ ಅನ್ನುವ ಅಮೆರಿಕದ ಬ್ಯಾಂಡಿನದು. ಅಮೆರಿಕದ ಆವೃತ್ತಿಯಲ್ಲಿ ಅದನ್ನು ತೆಗೆದು, ಸಿಂಗಲ್‌ನ ಹಿಂಬದಿಯಲ್ಲಿದ್ದ ‘ವಿಕೆಡ್ ವರ್ಲ್ಡ್’ ಹಾಕಿದರು. ನನ್ನನ್ನು ಕೇಳಿದರೆ ಆ ಬದಲಾವಣೆಯಿಂದ ಆಲ್ಬಂಗೆ ಒಳ್ಳೆಯದೇ ಆಯಿತು. ‘ವಿಕೆಡ್ ವರ್ಲ್ಡ್’ನಲ್ಲಿ ಬಿಲ್ ವಾರ್ಡ್ ಅವರ ಜಾಝ್ ಕೈ ಚೆನ್ನಾಗಿ ಕೇಳುತ್ತದೆ. ಅಮೆರಿಕದ ಪ್ರತಿಗಳಲ್ಲಿ ಕೆಲವು ಹಾಡುಗಳ ಮುನ್ನುಡಿಗೆ ‘ವಾಸ್ಪ್’, ‘ಬೇಸಿಕಲಿ’ ಅಂತ ಬೇರೆ ಹೆಸರುಗಳೂ ಇವೆ. ಸಂಗೀತ ಅದೇ.

ಕವರ್ ಮೇಲೆ ಕಪ್ಪು ಬಟ್ಟೆ ಹಾಕ್ಕೊಂಡು ನಿಂತಿರೋ ಹೆಂಗಸು ಯಾರು? ಫೋಟೋ ತೆಗೆದಾಗ ಅಲ್ಲಿ ಯಾರೂ ಇರ್ಲಿಲ್ಲ ಅಂತ ಕೇಳಿದ್ದೆ.

ಇದ್ದರು. ಆಕೆ ಫೋಟೋಗೆ ಅಂತ ಗೊತ್ತು ಮಾಡಿದ ಮಾಡೆಲ್, ಹದಿಹರೆಯ ಆಗಷ್ಟೇ ಮುಗಿಯುತ್ತಿದ್ದ ಹುಡುಗಿ. ತೆಗೆದವರು ಕೀತ್ ಮ್ಯಾಕ್‌ಮಿಲನ್, ಆಗ ಕೀಫ್ ಅನ್ನುವ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದವರು. ನಸುಕಿನ ಚಳಿಯಲ್ಲಿ ಹೊಗೆ ಹಾಕಿ, ಇನ್‌ಫ್ರಾರೆಡ್ ಫಿಲ್ಮ್‌ನಲ್ಲಿ ತೆಗೆದ ಚಿತ್ರ. ಗಿಡಮರಗಳಿಗೆ ಆ ರೋಗ ಹಿಡಿದಂಥ ಗುಲಾಬಿ ಬಣ್ಣ ಬಂದದ್ದು ಆ ಫಿಲ್ಮ್‌ನಿಂದ.

ಹಿಂದೆ ಕಾಣುವ ಕಟ್ಟಡ ಆಕ್ಸ್‌ಫರ್ಡ್‌ಶೈರ್‌ನ ಮೇಪಲ್‌ಡರಮ್ ಅನ್ನುವ ಹಳ್ಳಿಯಲ್ಲಿದೆ. ಥೇಮ್ಸ್ ನದಿಯ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಅದು. ಶತಮಾನಗಳಷ್ಟು ಹಳೆಯದು, ಆಮೇಲೆ ದುರಸ್ತಿಯಾಗಿ ಹಿಟ್ಟೂ ಬೀಸಿದೆ. ಭೂತಬಂಗಲೆ ಅಂತ ನಾವು ಹೆದರಿದ್ದು ಗೋಧಿ ಬೀಸುವ ಮನೆಗೆ!

## ದೆವ್ವ, ಶಿಲುಬೆ, ಗುಮಾನಿ

ಇವರು ಸೈತಾನನನ್ನ ಪೂಜೆ ಮಾಡೋರಾ? ಮಗಳು ಇದನ್ನ ಕೇಳ್ತಾಳೆ, ಚಿಂತೆ ಆಗುತ್ತೆ.

ಚಿಂತೆ ಬೇಡಮ್ಮ. ಮೊದಲ ಹಾಡಿನಲ್ಲಿ ಹೇಳುವವನ ಎದುರು ಕಪ್ಪು ಆಕೃತಿಯೊಂದು ನಿಂತಿದೆ. ಅವನು ಅದಕ್ಕೆ ಕೈ ಮುಗಿಯುವುದಿಲ್ಲ. ತಿರುಗಿ ಓಡುತ್ತಾನೆ, ದೇವರೇ ಕಾಪಾಡು ಅಂತ ಗೋಳಾಡುತ್ತಾನೆ. ಸೈತಾನನನ್ನು ಕಂಡು ಹೆದರಿದವನ ಹಾಡು ಇದು.

ಇದರ ಹಿಂದೆ ಗೀಜರ್ ಬಟ್ಲರ್ ಹೇಳಿಕೊಂಡ ಒಂದು ಘಟನೆ ಇದೆ. ಅವರು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಒಂದಷ್ಟು ದಿನ ಮಾಟಮಂತ್ರದ ಪುಸ್ತಕಗಳ ಹುಚ್ಚು ಹಿಡಿದು, ತಮ್ಮ ಕೋಣೆಗೆ ಕಪ್ಪು ಬಣ್ಣ ಬಳಿದಿದ್ದರು. ಆಜಿ ಒಂದು ಹಳೇ ಪುಸ್ತಕ ತಂದುಕೊಟ್ಟರು. ಅದನ್ನು ಕಪಾಟಿನಲ್ಲಿಟ್ಟು ಮಲಗಿದ ರಾತ್ರಿ, ಎಚ್ಚರಾದಾಗ ಕಾಲ ಬಳಿ ಕಪ್ಪಗೆ ಯಾರೋ ನಿಂತಿದ್ದರಂತೆ. ಬೆಳಗ್ಗೆ ನೋಡಿದರೆ ಪುಸ್ತಕ ಇಲ್ಲವಂತೆ. ಆ ಭಯಕ್ಕೆ ಅವರು ಆ ಸಹವಾಸವನ್ನೇ ಬಿಟ್ಟರು. ಆಜಿಗೆ ಹೇಳಿದರು, ಹಾಡು ಹುಟ್ಟಿತು.

ಗುಮಾನಿ ಬೆಳೆಯಲು ಇನ್ನೊಂದು ಕಾರಣ ಆಲ್ಬಂನ ಒಳಪುಟ. ಅಲ್ಲಿ ತಲೆಕೆಳಗಾದ ಶಿಲುಬೆ, ಅದರೊಳಗೆ ಒಂದು ಪದ್ಯ ಅಚ್ಚಾಗಿತ್ತು. ಬ್ಯಾಂಡಿನವರನ್ನು ಕೇಳದೇ ಹಾಕಿದ್ದು ಅದು. ಕಂಡು ಅವರಿಗೇ ಬೇಸರ ಆಯಿತು. ಅವರ ಕೊರಳಲ್ಲಿದ್ದ ಶಿಲುಬೆಗಳ ಕತೆಯೇ ಬೇರೆ. ಆಜಿಯ ತಂದೆ ಕಾರ್ಖಾನೆಯಲ್ಲಿ ಟೂಲ್‌ಮೇಕರ್. ಹುಡುಗರಿಗೆ ಒಳ್ಳೆಯದಾಗಲಿ ಅಂತ ಲೋಹ ಕಡಿದು ತಮ್ಮ ಕೈಯಾರೆ ಮಾಡಿಕೊಟ್ಟ ಶಿಲುಬೆಗಳು ಅವು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ತಾಯಿತ ಕಟ್ಟುತ್ತಾರಲ್ಲ, ಹಾಗೆ.

‘ಎನ್.ಐ.ಬಿ.’ ಅಂದ್ರೆ ಏನು? ಏನೋ ರಹಸ್ಯ ಮಂತ್ರದ ಸಂಕ್ಷಿಪ್ತ ರೂಪ ಅಂತ ಓದಿದ್ದೆ.

ಬಿಲ್ ವಾರ್ಡ್ ಅವರ ಗಡ್ಡ! ಚೂಪಾದ ಆ ಗಡ್ಡ ಪೆನ್ನಿನ ನಿಬ್ ಥರ ಕಾಣುತ್ತಿತ್ತು ಅಂತ ಗೆಳೆಯರು ‘ನಿಬ್’ ಅಂತ ಕರೆಯುತ್ತಿದ್ದರು. ಹಾಡಿಗೆ ಹೆಸರು ಹೊಳೆಯದೇ ಅದನ್ನೇ ಇಟ್ಟು, ನಡುವೆ ಚುಕ್ಕಿ ಹಾಕಿದರು. ಉಳಿದ ಅರ್ಥವೆಲ್ಲ ಜನ ಆಮೇಲೆ ತುಂಬಿದ್ದು. ಹಾಡಿನ ವಿಷಯ ಮಾತ್ರ ಸೈತಾನನದೇ: ಅವನು ಒಬ್ಬಳನ್ನು ಪ್ರೀತಿಸಿ, ಬದಲಾಗುತ್ತೇನೆ ಅಂತ ಮಾತು ಕೊಡುತ್ತಾನೆ.

## ಸಂಗೀತ ಕಲಿಯುವವರಿಗೆ

ಗಿಟಾರ್ ನುಡಿಸೋರಿಗೆ ಎರಡು ಬೆರಳ ತುದಿ ಇರ್ಲಿಲ್ಲ ಅಂತಾರೆ. ಅದು ಹೇಗೆ ಸಾಧ್ಯ?

ಐಯೋಮಿಗೆ ಆಗ 17. ಕಾರ್ಖಾನೆ ಕೆಲಸ ಬಿಟ್ಟು ಬ್ಯಾಂಡ್ ಜೊತೆ ಹೊರಡುವವರಿದ್ದರು, ಅವತ್ತು ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗಲ್ಲ ಅಂದರು. ಹಿಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ಕಳಿಸಿದರು. ಅವತ್ತು ಪ್ರೆಸ್ ಯಂತ್ರದವರು ಬಂದಿರಲಿಲ್ಲ. ಅಭ್ಯಾಸವಿಲ್ಲದ ಆ ಯಂತ್ರದ ಮುಂದೆ ಇವರನ್ನು ನಿಲ್ಲಿಸಿದರು. ಅದು ಬಲಗೈ ಮೇಲೆ ಇಳಿಯಿತು. ಗಾಬರಿಯಲ್ಲಿ ಕೈ ಎಳೆದುಕೊಂಡರು. ಮಧ್ಯದ ಬೆರಳು, ಉಂಗುರದ ಬೆರಳು, ಎರಡರ ತುದಿಯೂ ಹೋದವು. ಅವರು ಎಡಚರು. ಹಾಗಾಗಿ ತಂತಿ ಒತ್ತುವ ಕೈ ಬಲಗೈಯೇ.

ಇನ್ನು ಗಿಟಾರ್ ಆಗದು ಅಂದುಕೊಂಡು ಕೂತಿದ್ದಾಗ, ಕಾರ್ಖಾನೆಯ ಮೇಲ್ವಿಚಾರಕರು ಒಂದು ರೆಕಾರ್ಡ್ ತಂದು ಕೇಳಿಸಿದರು. ಅದು ಜಾಂಗೋ ರೈನ್‌ಹಾರ್ಟ್ ಅವರದು. ಬೆಂಕಿಯಲ್ಲಿ ಸುಟ್ಟು ಎರಡು ಬೆರಳು ಊನವಾದ ಮೇಲೂ ನುಡಿಸಿದ ಜಾಝ್ ಗಿಟಾರ್ ವಾದಕ. ಐಯೋಮಿ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಕೂರುವಂತೆ ಪುಟ್ಟ ಟೋಪಿ ಮಾಡಿಕೊಂಡರು. ಜಾರದಿರಲಿ ಅಂತ ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದರು. ದಪ್ಪ ತಂತಿ ಒತ್ತಿದರೆ ನೋವು. ಆಗ ತೆಳು ತಂತಿಗಳ ಸೆಟ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ಬ್ಯಾಂಜೋ ತಂತಿ ಕಟ್ಟಿದರು. ಆ ಟೋಪಿ ಹಾಕಿದ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ಕಿವಿಯೊಂದನ್ನೇ ನಂಬಿ ನುಡಿಸಬೇಕು. ಎರಡು ಮೂರು ತಂತಿ ಸಾಕಾಗುವ ದಪ್ಪ ಸ್ವರಗುಚ್ಛಗಳ ಕಡೆ ಅವರು ವಾಲಿದ್ದಕ್ಕೂ ಇದೇ ಕಾರಣ. ಆ ದಪ್ಪ ನಾದವೇ ಮುಂದೆ ಈ ಸಂಗೀತದ ಗುರುತಾಯಿತು.

ಮೊದಲ ಹಾಡು ಕೇಳಿದ್ರೆ ಯಾಕೆ ಭಯ ಆಗುತ್ತೆ? ಇದಕ್ಕೆ ನಮ್ಮ ಸಂಗೀತದಲ್ಲಿ ಏನಂತಾರೆ?

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಈಗಲೇ ತಿಳಿಯುತ್ತದೆ. ಬಿಳಿ ಐದನ್ನು ಷಡ್ಜ ಮಾಡಿಕೊಳ್ಳಿ. ಮೊದಲು ಆ ಷಡ್ಜ ಒತ್ತಿ, ಆಮೇಲೆ ತಾರ ಷಡ್ಜ. ಆಮೇಲೆ ಎರಡರ ನಟ್ಟನಡುವೆ ಇರುವ ಕರಿ ಮನೆ. ಕೆಳಗಿನ ಸ-ದಿಂದ ಎಣಿಸಿದರೂ ಆರು ಮನೆ, ಮೇಲಿನ ಸ-ದಿಂದ ಎಣಿಸಿದರೂ ಆರು ಮನೆ. ಅದು ನಮ್ಮ ಪ್ರತಿ ಮಧ್ಯಮ. ಇಡೀ ಹಾಡಿನ ಬೆನ್ನೆಲುಬು ಈ ಮೂರು ಸ್ವರ, ಅಷ್ಟೇ.

ಕಲ್ಯಾಣಿಯಲ್ಲೂ ಇರುವುದು ಪ್ರತಿ ಮಧ್ಯಮವೇ ಅಲ್ವಾ? ಅಲ್ಲಿ ಯಾಕೆ ಹೆದರಿಕೆ ಇಲ್ಲ? ಅಲ್ಲಿ ತಂಬೂರಿಯ ಪಂಚಮ ಕೆಳಗೆ ಸದಾ ಮಿಡಿಯುತ್ತಿರುತ್ತದೆ. ಮಧ್ಯಮ ಅದರ ಕಡೆ ಕತ್ತು ಚಾಚುತ್ತದೆ, ಹೋಗಿ ಸೇರುತ್ತದೆ, ಮನಸ್ಸು ಅರಳುತ್ತದೆ. ಇಲ್ಲಿ ಐಯೋಮಿ ಆ ಮಧ್ಯಮವನ್ನು ನಡುಗಿಸಿ ಹಾಗೇ ಬಿಟ್ಟುಬಿಡುತ್ತಾರೆ. ಹೋಗಿ ಕೂರುವುದಕ್ಕೆ ಪಂಚಮದ ಆಸರೆ ಕೊಡುವುದಿಲ್ಲ. ಬಾಗಿಲು ಅರ್ಧ ತೆರೆದು ನಿಂತ ಹಾಗೆ ಇರುತ್ತದೆ. ಜೊತೆಗೆ ಆ ನಿಧಾನ. ಸ್ವರ ಒಂದೇ, ಅದನ್ನು ಎಲ್ಲಿ ಬಿಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಬಟ್ಲರ್ ಆ ದಿನಗಳಲ್ಲಿ ಗುಸ್ತಾವ್ ಹೋಲ್ಸ್ಟ್ ಅವರ ‘ಮಾರ್ಸ್’ ಅನ್ನುವ ವಾದ್ಯವೃಂದ ಕೃತಿಯನ್ನು ಬೇಸ್ ಮೇಲೆ ನುಡಿಸಿ ನೋಡುತ್ತಿದ್ದರು. ಅದರ ಗುಂಗಿನಲ್ಲೇ ಐಯೋಮಿಗೆ ಇದು ಹೊಳೆಯಿತು. ಯುರೋಪಿನಲ್ಲಿ ಷಡ್ಜದಿಂದ ಪ್ರತಿ ಮಧ್ಯಮಕ್ಕಿರುವ ಈ ಅಂತರವನ್ನು ಸಂಗೀತದೊಳಗಿನ ಸೈತಾನ ಅಂತ ಕರೆದದ್ದು ಹೌದು. ಚರ್ಚು ಇದನ್ನು ನಿಷೇಧಿಸಿತ್ತು ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ.

ಗಿಟಾರ್ ಶ್ರುತಿ ಇಳಿಸಿದ್ದಾರಾ? ನಾನು ಎಷ್ಟು ಇಳಿಸಿದ್ರೂ ಹೊಂದುತ್ತಿಲ್ಲ.

ಇಳಿಸಬೇಡಿ. ಈ ಆಲ್ಬಂನಲ್ಲಿ ಮಾಮೂಲಿ ಶ್ರುತಿಯೇ ಇದೆ. ತಂತಿ ಸಡಿಲ ಬಿಟ್ಟು ಒಂದೂವರೆ ಸ್ವರ ಕೆಳಗೆ ಇಳಿಸಿದ್ದು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಲ್ಲಿ. ಇಲ್ಲಿಯ ತೂಕ ಬಂದದ್ದು ನಿಧಾನದಿಂದ, ಗಿಟಾರ್ ನುಡಿಸಿದ್ದನ್ನೇ ಬೇಸ್ ಕೂಡ ಹಿಂಬಾಲಿಸುವುದರಿಂದ. ರೆಕಾರ್ಡಿಂಗ್ ಮಧ್ಯೆ ಐಯೋಮಿಯ ಸ್ಟ್ರಾಟೋಕಾಸ್ಟರ್ ಗಿಟಾರಿನ ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಕೆಟ್ಟಿತು. ‘ವಿಕೆಡ್ ವರ್ಲ್ಡ್’ ನಂತರ ಕೈಗೆತ್ತಿಕೊಂಡ ಗಿಬ್ಸನ್ ಎಸ್‌ಜಿ ಗಿಟಾರ್ ಮುಂದೆ ಅವರ ಕೈ ಬಿಡಲಿಲ್ಲ.

ಗಿಟಾರ್ ಬಿಟ್ಟು ಬೇರೆ ಏನು ಗಮನಿಸ್ಬೇಕು?

ಬಿಲ್ ವಾರ್ಡ್. ಅವರು ಜಾಝ್ ಡ್ರಮ್ಮರ್ ಜೀನ್ ಕ್ರುಪಾ ಅವರನ್ನು ಕೇಳಿ ಬೆಳೆದವರು. ಮೊದಲ ಹಾಡಿನಲ್ಲಿ ಅವರು ಸುಮ್ನೆ ತಾಳ ಹಿಡಿದು ಕೂರುವುದಿಲ್ಲ. ಗಿಟಾರ್ ಒಂದು ಮಾತು ಆಡಿ ನಿಂತ ಕಡೆ ಡ್ರಮ್ ಉತ್ತರ ಕೊಡುತ್ತದೆ. ತನಿ ಆವರ್ತನ ಕೇಳಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ನಾಲ್ಕೂವರೆ ನಿಮಿಷದ ಹೊತ್ತಿಗೆ ಹಾಡು ಇದ್ದಕ್ಕಿದ್ದಂತೆ ಕುದುರೆ ಓಟಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ನಾಲ್ವರೂ ಒಟ್ಟಿಗೆ ಜಿಗಿಯುವುದನ್ನು ಕೇಳಿ. ‘ಎನ್.ಐ.ಬಿ.’ ಶುರುವಿನಲ್ಲಿ ಬಟ್ಲರ್ ಒಬ್ಬರೇ ವಾ ಪೆಡಲ್ ಒತ್ತಿ ಬೇಸ್ ನುಡಿಸುತ್ತಾರೆ. ‘ದಿ ವಿಝರ್ಡ್’ನ ಹಾರ್ಮೋನಿಕಾ ಆಜಿಯದು.

ಇದೇ ಮೊದಲ ಹೆವಿ ಮೆಟಲ್ ಆಲ್ಬಂ ಅಂತ ಹೇಗೆ ಹೇಳ್ತೀರಿ? ಲೆಡ್ ಝೆಪ್ಲಿನ್ ಮೊದಲೇ ಬಂದಿತ್ತಲ್ಲ?

ಬಂದಿತ್ತು. ಅವರ ಮೊದಲೆರಡು ಆಲ್ಬಂ 1969ರವು. ಬ್ಲೂ ಚಿಯರ್ ಅವರ ಗದ್ದಲ 1968ರದು. ಜೋರು ಗಿಟಾರ್ ಒಂದೇ ಲೆಕ್ಕಕ್ಕೆ ಬರುವುದಾದರೆ ಸಬ್ಬತ್ ಮೊದಲಿನವರಲ್ಲ. ಆದರೆ ಆ ಬ್ಯಾಂಡುಗಳು ಬ್ಲೂಸ್‌ನ ಮನೆಯೊಳಗೇ ಇದ್ದವು, ಹಾಡುಗಳ ವಿಷಯವೂ ಹೆಚ್ಚಾಗಿ ಪ್ರೀತಿ, ಕಾಮನೆ. ಇಲ್ಲಿ ಭಯವೇ ವಿಷಯ, ಮತ್ತು ಆ ಭಯ ಸ್ವರದಲ್ಲೇ ಇದೆ, ಮಾತು ತೆಗೆದರೂ ಉಳಿಯುತ್ತದೆ. ‘ವಾರ್ನಿಂಗ್’ ಹಳೇ ಬ್ಲೂಸ್ ರಾಕ್ ಅಂತ ನಾನೂ ಒಪ್ಪುತ್ತೇನೆ. ಮೊದಲ ಆರು ನಿಮಿಷದ ಮೇಲೆ ನನ್ನ ವಾದ ನಿಂತಿದೆ.

ಬೆಂಗಳೂರಿನ ಮೆಟಲ್‌ಗೂ ಇದಕ್ಕೂ ಏನಾದ್ರೂ ನಂಟು ಇದೆಯಾ?

ವಂಶದ ನಂಟು ಇದೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ, 2006ರಲ್ಲಿ ಸಬ್ಬತ್ ಅನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬರಮಾಡಿಕೊಂಡ ಬ್ಯಾಂಡ್. 2007ರ ಮಾರ್ಚ್‌ನಲ್ಲಿ ಅದೇ ಮೈದಾನಕ್ಕೆ ಐರನ್ ಮೇಡನ್ ಬಂದಿತ್ತು. 1998ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಬ್ಯಾಂಡ್ ಕ್ರಿಪ್ಟೋಸ್ ಜರ್ಮನಿಯ ವಾಕನ್ ಮೆಟಲ್ ಉತ್ಸವದವರೆಗೆ ಹೋಗಿ ಬಂದಿದೆ. ಕ್ರಿಪ್ಟೋಸ್‌ನ ಗಿಟಾರ್ ಕೇಳಿ, ಆಮೇಲೆ ‘ಎನ್.ಐ.ಬಿ.’ ಹಾಕಿ. ಬೇರು ಕಾಣುತ್ತದೆ.

ಈ ಆಲ್ಬಂನ ಹಾಡನ್ನ ನಾಲ್ಕೂ ಜನ ಸೇರಿ ಕೊನೇ ಸಲ ನುಡಿಸಿದ್ದು ಯಾವಾಗ?

2025ರ ಜುಲೈ 5ರಂದು, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಬಿಲ್ ವಾರ್ಡ್ ಕೂಡ ಇದ್ದರು. ನಾಲ್ವರೂ ಒಟ್ಟಿಗೆ ವೇದಿಕೆ ಹತ್ತಿ 20 ವರ್ಷ ಆಗಿತ್ತು. ಅವತ್ತು ನುಡಿಸಿದ್ದು ನಾಲ್ಕೇ ಹಾಡು. ಅದರಲ್ಲಿ ಮೂರು ಎರಡನೇ ಆಲ್ಬಂ ‘ಪ್ಯಾರನಾಯ್ಡ್’ನವು. ಮೊದಲ ಆಲ್ಬಂನದು ಒಂದು, ‘ಎನ್.ಐ.ಬಿ.’ ಪಾರ್ಕಿನ್ಸನ್ ಕಾಯಿಲೆಯಿಂದ ಆಜಿಗೆ ನಿಲ್ಲಲು ಆಗುತ್ತಿರಲಿಲ್ಲ, ಕೂತೇ ಹಾಡಿದರು. ಜುಲೈ 22ರಂದು ತೀರಿಕೊಂಡರು.

ಆ ಮೈದಾನ ಇರುವುದು ಆಸ್ಟನ್‌ನಲ್ಲೇ, ಆಜಿ ಹುಟ್ಟಿ ಬೆಳೆದ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ. ಚಿಕ್ಕವರಿದ್ದಾಗ ಮ್ಯಾಚ್ ಇದ್ದ ದಿನ ಅವರು ಅಲ್ಲಿ ಬಂದವರ ಕಾರು ಕಾಯ್ದು ಚಿಲ್ಲರೆ ಕಾಸು ಸಂಪಾದಿಸುತ್ತಿದ್ದರು.